ಸೇವಂತಿಗೆಗೆ ಕತ್ತಲು ಕೊಡೋದು ಹೇಗೆ?

ನನ್ನ ಹತ್ತಿರ ಎರಡು ಕುಂಡ ಸೇವಂತಿಗೆ ಇದ್ದವು. ಒಂದೇ ತಾಯಿಗಿಡದ ಕಡ್ಡಿ, ಒಂದೇ ಮಣ್ಣು, ಒಂದೇ ಗೊಬ್ಬರ. ಒಂದು ಮೈತುಂಬ ಮೊಗ್ಗು ಬಿಟ್ಟಿತು. ಇನ್ನೊಂದು ಸುಮ್ನೆ ಎಲೆ ಹಾಕಿಕೊಂಡು ಉದ್ದಕ್ಕೆ ಬೆಳೆಯಿತು. ಗೊಬ್ಬರ ಬದಲಿಸಿದೆ, ನೀರು ಕಡಿಮೆ ಮಾಡಿದೆ, ಬೈದೂ ನೋಡಿದೆ. ಕೊನೆಗೆ ಒಂದು ರಾತ್ರಿ ಗಮನಿಸಿದೆ: ಅದರ ನೆತ್ತಿಯ ಮೇಲೇ ಮೆಟ್ಟಿಲ ದೀಪ ಬೆಳಗಿನವರೆಗೆ ಉರಿಯುತ್ತಿತ್ತು.

ಸೇವಂತಿಗೆ ರಾತ್ರಿಯ ಉದ್ದವನ್ನು ಅಳೆಯುತ್ತದೆ, ರಾತ್ರಿ ಉದ್ದವಾದಾಗ ಹೂ ಬಿಡುತ್ತದೆ. ಹೂವು ಬರೋದು ತುದಿಯಲ್ಲಿ, ಆದರೆ ಅಳೆಯೋದು ಎಲೆ. 1930ರ ದಶಕದಲ್ಲಿ ಸೋವಿಯತ್ ವಿಜ್ಞಾನಿ ಚೈಲಖ್ಯಾನ್ ಇದನ್ನು ಸೇವಂತಿಗೆಯಲ್ಲೇ ತೋರಿಸಿದರು. ಎಲೆಯಿಂದ ತುದಿಗೆ ಹೋಗುವ ಆ ಸಂದೇಶಕ್ಕೆ ಫ್ಲೋರಿಜೆನ್ ಅಂತ ಹೆಸರಿಟ್ಟರು. ಅದು ಎಫ್‌ಟಿ ಅನ್ನೋ ಜೀನ್‌ನಿಂದ ತಯಾರಾಗುವ ಪ್ರೋಟೀನ್ ಅಂತ ಗಟ್ಟಿಯಾಗಿ ಗೊತ್ತಾಗಿದ್ದು 2007ರಲ್ಲಿ.

ಸೇವಂತಿಗೆಯಲ್ಲಿ ಎರಡು ಜೀನ್‌ಗಳ ಹಗ್ಗಜಗ್ಗಾಟ ಇದೆ. ಎಫ್‌ಟಿಎಲ್3 (ಸೇವಂತಿಗೆಯ ಎಫ್‌ಟಿ ಇದೇ) ‘ಹೂ ಬಿಡು’ ಅನ್ನುತ್ತದೆ, ಎಎಫ್‌ಟಿ ಅನ್ನೋ ಇನ್ನೊಂದು ‘ಬೇಡ, ತಡಿ’ ಅನ್ನುತ್ತದೆ. ರಾತ್ರಿ ಚಿಕ್ಕದಾದರೆ ಅಥವಾ ನಡುರಾತ್ರಿ ಬೆಳಕು ಬಿದ್ದರೆ, ಎಲೆಯಲ್ಲಿರುವ ಫೈಟೋಕ್ರೋಮ್ ಅನ್ನೋ ಬೆಳಕು ಗುರುತಿಸುವ ಪ್ರೋಟೀನ್ ಅದನ್ನು ಹಿಡಿದುಬಿಡುತ್ತದೆ. ಆಗ ಎಎಫ್‌ಟಿ ಜೀನ್‌ನ ಪ್ರೋಟೀನ್ ಜಾಸ್ತಿಯಾಗುತ್ತದೆ. ಅದು ತುದಿಗೆ ಹೋಗಿ ಎಫ್‌ಟಿಎಲ್3 ಪ್ರೋಟೀನ್ ಕೂರಬೇಕಾದ ಜಾಗದಲ್ಲಿ ತಾನು ಕೂರುತ್ತದೆ. ನನ್ನ ಗಿಡದಲ್ಲಿ ತಿಂಗಳುಗಟ್ಟಲೆ ನಡೆದಿದ್ದು ಇದೇ.

ಹಾಗಾಗಿ ಕೆಲಸ ಇಷ್ಟೇ: ಕತ್ತಲು ಕೊಡಿ. ಹಗಲು ಚಿಕ್ಕದಿರುವ ಕಾಲದಲ್ಲಿ ಕುಂಡವನ್ನು ದೀಪದಿಂದ ದೂರ ಇಟ್ಟರೆ ಸಾಕು. ಹಗಲು ಉದ್ದ ಇರುವಾಗ ಮುಚ್ಚಬೇಕು. ಮೊದಲು ತುದಿ ಚಿವುಟಿ, ಕವಲೊಡೆದು ಒಳ್ಳೆ ಎಲೆ ಬರಲು ಬಿಡಿ. ಎಳೆ ಸಸಿಯನ್ನು ಅವಸರಪಡಿಸಬೇಡಿ. ಆಮೇಲೆ ಸಂಜೆ 6ಕ್ಕೆ ದೊಡ್ಡ ರಟ್ಟಿನ ಪೆಟ್ಟಿಗೆ ಮಗುಚಿ, ಬೆಳಿಗ್ಗೆ 8ಕ್ಕೆ ತೆಗೆಯಿರಿ. 14 ಗಂಟೆ ಕತ್ತಲಾಯಿತು. ಇನ್ನೂ ಬೇಗ ಮುಚ್ಚಿದರೆ ಬಿಸಿಲಿಗೆ ಒಳಗೆ ಕಾವು ಏರುತ್ತದೆ. ಸೆಕೆ ಜಾಸ್ತಿಯಾದರೂ ಮೊಗ್ಗು ತಡವಾಗುತ್ತದೆ.

ಪೆಟ್ಟಿಗೆಯನ್ನು ಪರೀಕ್ಷೆ ಮಾಡಿಕೊಳ್ಳಿ. ಹಗಲಲ್ಲಿ ಅದರೊಳಗೆ ತಲೆ ತೂರಿಸಿ ನೋಡಿ (ನೋಡಿದವರು ನಗಲಿ ಬಿಡಿ). ನನ್ನದರಲ್ಲಿ ಎತ್ತಲು ಕೈ ಹಾಕುವ ತೂತುಗಳಿಂದ ಎರಡು ಪಟ್ಟಿ ಬೆಳಕು ನೇರ ಒಳಗೆ ಬರುತ್ತಿತ್ತು. ಕಪ್ಪು ಟೇಪ್ ಅಂಟಿಸಿದೆ. ಬುಡದ ಸುತ್ತ ಹಳೇ ಬಟ್ಟೆ ತುರುಕಿದೆ. ರಾತ್ರಿ ಮೊಗ್ಗು ಬಂತಾ ಅಂತ ಮೊಬೈಲ್ ಟಾರ್ಚ್ ಹಿಡಿದು ಇಣುಕಬೇಡಿ. ನಾನು ಇಣುಕಿದ್ದೆ!

ದಿನ ತಪ್ಪಿಸಬೇಡಿ. ಮೂರು ನಾಲ್ಕು ವಾರಕ್ಕೆ ತುದಿಯಲ್ಲಿ ಸಾಸಿವೆ ಕಾಳಿನಂಥ ಹಸಿರು ಗುಂಡು ಕಾಣುತ್ತದೆ. ಖುಷಿಯಲ್ಲಿ ಅಲ್ಲಿಗೇ ನಿಲ್ಲಿಸಬೇಡಿ, ಮೊಗ್ಗಿಗೆ ಬಣ್ಣ ಬರುವವರೆಗೂ ಮುಚ್ಚಿ.

ಇದೇ ಪೆಟ್ಟಿಗೆಯನ್ನು ಟೊಮೆಟೊ ಗಿಡದ ಮೇಲೆ ಇಟ್ಟು ಪ್ರಯೋಜನವಿಲ್ಲ, ಅದು ಹೂ ಬಿಡಲು ಉದ್ದ ರಾತ್ರಿಗೆ ಕಾಯುವುದಿಲ್ಲ. ಪಾಲಕ್ ಅಂತೂ ಪೂರ್ತಿ ಉಲ್ಟಾ: ಹಗಲು ಉದ್ದವಾದರೆ ಹೂದಂಟು ಎತ್ತುತ್ತದೆ.