ಮಕ್ಕಳ ಕೈಗೆ ಕೊಡುವ ಮೊದಲು ಕ್ಯಾಮೆರಾವನ್ನು ಒರೆಗೆ ಹಚ್ಚಿದ್ದು

ನಮ್ಮ ಶಾಲೆ ಇರುವುದು ದಾವಣಗೆರೆಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ಹಾದಿಯ ಹಳ್ಳಿಯಲ್ಲಿ. ಏಳನೇ ತರಗತಿಯ ಮಕ್ಕಳು ವಾರಕ್ಕೊಂದು ಗೋಡೆಪತ್ರಿಕೆ ತರುತ್ತಾರೆ. ಮೆಕ್ಕೆಜೋಳಕ್ಕೆ ಬಿದ್ದ ಹುಳ, ಸಂತೆಯ ದರ, ಕೆರೆಗೆ ಬಂದ ಹಕ್ಕಿ, ಎಲ್ಲವೂ ಅದರಲ್ಲಿ ಇರುತ್ತವೆ. ಚಿತ್ರಗಳನ್ನೂ ಅವರೇ ತೆಗೆಯಬೇಕೆಂಬುದು ನನ್ನ ಬಹುದಿನದ ಆಸೆ. ಮೊಬೈಲ್ ಕೊಟ್ಟರೆ ಐದೇ ನಿಮಿಷದಲ್ಲಿ ಗಮನ ಬೇರೆಲ್ಲಿಗೋ ಹೋಗುತ್ತದೆ. ಹಾಗಾಗಿ 3,200 ರೂಪಾಯಿ ಕೊಟ್ಟು, ಯಾರೋ ಬಳಸಿ ಬಿಟ್ಟಿದ್ದ ಕಾಂಪ್ಯಾಕ್ಟ್ ಕ್ಯಾಮೆರಾ ಒಂದನ್ನು ಕೊಂಡೆ. 16 ಮೆಗಾಪಿಕ್ಸೆಲ್, ಐದು ಪಟ್ಟು ಜೂಮ್, ಎರಡು ಎಎ ಸೆಲ್. ಅವರ ಕೈಗೆ ಕೊಡುವ ಮುನ್ನ ಎರಡು ವಾರ ನನ್ನ ಚೀಲದಲ್ಲೇ ಇಟ್ಟುಕೊಂಡು ತಿರುಗಿದೆ.

ಮೆಗಾಪಿಕ್ಸೆಲ್ ಸಂಖ್ಯೆಯ ಬಗ್ಗೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಈ ಬಗೆಯ ಕ್ಯಾಮೆರಾಗಳಲ್ಲಿ ಬೆಳಕನ್ನು ಹಿಡಿದು ಚಿತ್ರವಾಗಿಸುವ ಸೆನ್ಸರ್ ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರ, ಅಂದರೆ ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಎ4 ಹಾಳೆಯ ತುಂಬ ಇಂಚಿಗೆ 300 ಚುಕ್ಕೆಯಂತೆ ಮುದ್ರಿಸುವುದಕ್ಕೂ 9 ಮೆಗಾಪಿಕ್ಸೆಲ್ ಸಾಕು. ನಮ್ಮ ಚಿತ್ರಗಳಂತೂ ಅಂಗೈಯಗಲ. ನನಗೆ ತಿಳಿಯಬೇಕಿದ್ದ ಸಂಗತಿಯೇ ಬೇರೆ: ಗುಂಡಿ ಒತ್ತಿದ ಎಷ್ಟು ಹೊತ್ತಿಗೆ ಚಿತ್ರ ದಾಖಲಾಗುತ್ತದೆ? ಹನ್ನೆರಡು ವರ್ಷದವರು ತಾಳ್ಮೆ ಕಳೆದುಕೊಳ್ಳುವುದು ಅಲ್ಲೇ.

ಅದನ್ನು ಅಳೆಯಲು ಮನೆಯಲ್ಲೇ ದಾರಿಯಿದೆ. ಮೊಬೈಲಿನಲ್ಲಿ ಸ್ಟಾಪ್‌ವಾಚ್ ಓಡಿಸಿ, ಕ್ಯಾಮೆರಾವನ್ನು ಅದರತ್ತ ಹಿಡಿದು, 10 ಸೆಕೆಂಡ್ ಕಂಡ ಕೂಡಲೇ ಗುಂಡಿಯನ್ನು ಒಮ್ಮೆಗೇ ಒತ್ತಿದೆ. ಚಿತ್ರದಲ್ಲಿ ಮೂಡಿದ ಸಮಯ 10.8ರ ಆಸುಪಾಸು. ಹೀಗೆ ಹತ್ತು ಸಲ. ಆಮೇಲೆ ಗುಂಡಿಯನ್ನು ಮೊದಲೇ ಅರ್ಧ ಒತ್ತಿ, ಹಸಿರು ಚೌಕ ಮೂಡಿದ ಮೇಲೆ ಕಾದು, 10 ಬಂದಾಗ ಉಳಿದರ್ಧ ಒತ್ತಿದೆ. ಈಗ 10.2, 10.3. ಎರಡರಲ್ಲೂ ನನ್ನ ಬೆರಳಿನ ತಡ ಸೇರಿದೆ. ಬಹಳಷ್ಟು ಮೊಬೈಲ್ ಪರದೆಗಳು ಸೆಕೆಂಡಿಗೆ 60 ಸಲ ಮಾತ್ರ ಹೊಸದಾಗುವುದರಿಂದ ನೂರನೇ ಭಾಗದ ಅಂಕಿಯನ್ನು ಲೆಕ್ಕಕ್ಕೆ ಹಿಡಿಯಬಾರದು. ಆದರೆ ಎರಡರ ನಡುವಿನ ಅರ್ಧ ಸೆಕೆಂಡ್ ನನ್ನದಲ್ಲ. ಕ್ಯಾಮೆರಾ ಫೋಕಸ್ ಹುಡುಕಲು ತೆಗೆದುಕೊಂಡ ಹೊತ್ತು ಅದು. ಅಷ್ಟರಲ್ಲಿ ಖೊಖೊ ಆಡುವ ಹುಡುಗಿ ಚೌಕಟ್ಟಿನಿಂದಲೇ ಹೊರಗೆ ಹೋಗಿರುತ್ತಾಳೆ.

ಮರುದಿನ ಬೆಳಗ್ಗೆ ಬೆಣ್ಣೆದೋಸೆಯ ಹೋಟೆಲಿನಲ್ಲಿ ಭಟ್ಟರ ಅನುಮತಿ ಪಡೆದು ಇದನ್ನೇ ಪ್ರಯೋಗಿಸಿದೆ. ಕಾವಲಿಯ ಅಂಚಿಗೆ ಫೋಕಸ್ ಹಿಡಿದು, ಬೆರಳನ್ನು ಅರ್ಧಕ್ಕೇ ನಿಲ್ಲಿಸಿ ಕಾದೆ. ಬೆಣ್ಣೆ ಬಿದ್ದು ನೊರೆಯೆದ್ದ ಗಳಿಗೆ ಮೂರನೇ ಸಲಕ್ಕೆ ಸಿಕ್ಕಿತು. ಕಿಟಕಿಯ ಬೆಳಕೊಂದೇ ಇದ್ದರೂ ದೋಸೆಯ ಕೆಂಪು ಕೆಡಲಿಲ್ಲ. ಆಗ ನನಗಾದ ಖುಷಿ ಅಷ್ಟಿಷ್ಟಲ್ಲ.

ನಿಜವಾದ ಸತ್ವಪರೀಕ್ಷೆ ಮಂಡಕ್ಕಿ ಭಟ್ಟಿಯಲ್ಲಿ. ನನ್ನ ತರಗತಿಯ ಹುಡುಗನೊಬ್ಬನ ಸೋದರಮಾವ ಅಲ್ಲಿ ದುಡಿಯುತ್ತಾರೆ, ಅವರೇ ಒಳಗೆ ಕರೆದುಕೊಂಡು ಹೋದರು. ಮಸಿ ಹಿಡಿದ ಗೋಡೆ, ಒಲೆಯ ಉರಿ, ಕಾದ ಮರಳಿನಲ್ಲಿ ಅಕ್ಕಿ ಅರಳುವ ಸದ್ದು, ಗಂಟಲಿಗೆ ಇಳಿಯುವ ಹೊಗೆ. ಕತ್ತಲೆ ಕಂಡ ಕೂಡಲೇ ಕ್ಯಾಮೆರಾ ತಾನೇ ಫ್ಲ್ಯಾಷ್ ಹಾರಿಸಿತು. ಚಿತ್ರದ ತುಂಬ ಬಿಳಿ ಬಿಳಿ ಉಂಡೆಗಳು, ಮನುಷ್ಯರೇ ಕಾಣುತ್ತಿಲ್ಲ! ಪುಟ್ಟ ಕ್ಯಾಮೆರಾಗಳಲ್ಲಿ ಫ್ಲ್ಯಾಷ್ ಇರುವುದು ಲೆನ್ಸಿನ ಪಕ್ಕದಲ್ಲೇ. ಎದುರಿನ ಧೂಳು, ಹೊಗೆಯ ಕಣಗಳಿಗೆ ಬಡಿದ ಬೆಳಕು ನೇರ ಲೆನ್ಸಿಗೇ ಮರಳುತ್ತದೆ. ಫ್ಲ್ಯಾಷ್ ಆರಿಸಿದೆ. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ, ತಾನಾಗಿಯೇ 1600ಕ್ಕೆ ಏರಿತು, ಮುಖಗಳೆಲ್ಲ ರವೆ ಚೆಲ್ಲಿದ ಹಾಗೆ ಒರಟಾದವು. ಕಡೆಗೆ ಐಎಸ್‌ಒ 400ಕ್ಕೆ ಕಟ್ಟಿಹಾಕಿ, ಕ್ಯಾಮೆರಾವನ್ನು ಅಕ್ಕಿಮೂಟೆಯ ಮೇಲೆ ಒತ್ತಿ ಕೂರಿಸಿ, ಎರಡು ಸೆಕೆಂಡಿನ ಟೈಮರ್ ಇಟ್ಟು ಕೈ ತೆಗೆದೆ. ಶಟರ್ ಸೆಕೆಂಡಿನ ನಾಲ್ಕನೇ ಒಂದು ಭಾಗ ತೆರೆದಿತ್ತು. ಆಡುವ ಕೈ ಮಸುಕಾಯಿತು. ಒಲೆಯ ಬೆಳಕು ಬಿದ್ದ ಮುಖ, ಹೆಗಲ ಮೇಲಿನ ಟವಲು, ಮಂಡಕ್ಕಿಯ ರಾಶಿ ಮಾತ್ರ ಸ್ಪಷ್ಟವಾಗಿದ್ದವು. ಕೈ ಮಸುಕಾದದ್ದೇ ಆ ಚಿತ್ರಕ್ಕೆ ಜೀವ ಎಂದು ನನಗೆ ಈಗಲೂ ಅನ್ನಿಸುತ್ತದೆ. ಅದನ್ನು ಮುದ್ರಿಸಿ ಅವರಿಗೆ ಕೊಟ್ಟು ಬಂದೆ.

ಭಾನುವಾರ ಚಿತ್ರದುರ್ಗ. ಕೋಟೆಯ ಬಂಡೆಗಳ ಮೇಲೆ ನಡುಹಗಲಿನ ಬಿಸಿಲಿದ್ದಾಗ ಪರದೆಯಲ್ಲಿ ಕಂಡದ್ದು ನನ್ನ ಮುಖ ಮಾತ್ರ. ಕಣ್ಣಿಟ್ಟು ನೋಡುವ ಕಿಂಡಿ ಇಂಥ ಕ್ಯಾಮೆರಾಗಳಲ್ಲಿ ಅಪರೂಪ, ಇದರಲ್ಲಂತೂ ಇಲ್ಲ. ಸೆರಗು ಮರೆಮಾಡಿಕೊಂಡು ಚೌಕಟ್ಟು ಹೊಂದಿಸಿದೆ. ಓಬವ್ವನ ಕಿಂಡಿಯಲ್ಲಿ ಕತ್ತಲಿಗೆ ಅಳತೆ ಹಿಡಿದರೆ ಆಚೆಯ ಬೆಳಕೆಲ್ಲ ಬಿಳಿ ಸುಣ್ಣ, ಬೆಳಕಿಗೆ ಹಿಡಿದರೆ ಬಂಡೆ ಬರೀ ಕಪ್ಪು. ಎರಡನ್ನೂ ಒಟ್ಟಿಗೆ ಹಿಡಿಯುವ ಶಕ್ತಿ ಅಷ್ಟು ಸಣ್ಣ ಸೆನ್ಸರಿಗಿಲ್ಲ. ಗೋಪಾಲಸ್ವಾಮಿ ಹೊಂಡದ ಬಳಿ ಮಾತ್ರ, ಇಳಿಬಿಸಿಲಿನಲ್ಲಿ, ಎಕ್ಸ್‌ಪೋಶರ್, ಅಂದರೆ ಚಿತ್ರಕ್ಕೆ ಸೇರುವ ಬೆಳಕನ್ನು, ತುಸು ತಗ್ಗಿಸಿದಾಗ ಕಲ್ಲಿನ ಬಣ್ಣವೂ ಆಕಾಶವೂ ಎರಡೂ ಉಳಿದವು. ಗುಡ್ಡದಾಚೆಯ ಗಾಳಿಯಂತ್ರಗಳಿಗೆ ಪೂರ್ತಿ ಜೂಮ್ ಹಾಕಿದೆ. ಜೂಮ್ ಚಾಚಿದಷ್ಟೂ ಲೆನ್ಸಿನೊಳಗೆ ಬರುವ ಬೆಳಕು ಕಡಿಮೆ, ಕೈನಡುಕ ದೊಡ್ಡದು. ಹತ್ತರಲ್ಲಿ ಎರಡು ಚಿತ್ರ ಸರಿ ಬಂದವು. ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುವುದಷ್ಟೇ ಆದ ಡಿಜಿಟಲ್ ಜೂಮನ್ನು ಅಲ್ಲೇ ನಿಂತು ಮೆನುವಿನಲ್ಲಿ ಬಂದ್ ಮಾಡಿಬಿಟ್ಟೆ.

ಹತ್ತಿಯ ಹೊಲದಲ್ಲಿ ಒಡೆದ ಕಾಯಿಯನ್ನು ಹತ್ತಿರದಿಂದ ತೆಗೆಯಲು ಹೋದಾಗ ಫೋಕಸ್ ಹಿಂದೆ ಮುಂದೆ ಒದ್ದಾಡಿತು. ಬರೀ ಬಿಳಿಯಲ್ಲಿ ಅದಕ್ಕೆ ಹಿಡಿತಕ್ಕೆ ಗೆರೆಯೇ ಸಿಗುವುದಿಲ್ಲ. ಒಣಗಿದ ಸಿಪ್ಪೆಯ ಕಂದು ಅಂಚಿಗೆ ಹಿಡಿದರೆ ತಕ್ಷಣ ನಿಲ್ಲುತ್ತದೆ. ಅರಳೆ ಚೌಕಟ್ಟು ತುಂಬಿದರೆ ಬೂದಿಬಣ್ಣವಾಗುತ್ತದೆ, ಆಗ ಎಕ್ಸ್‌ಪೋಶರನ್ನು ತುಸು ಏರಿಸಬೇಕು.

ಸೆಲ್‌ಗಳ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಟ್ಟೆ. ಅಂಗಡಿಯ ಆಲ್ಕಲೈನ್ ಜೋಡಿ 160 ಚಿತ್ರಕ್ಕೆ ಸತ್ತಿತು. ಮರುಚಾರ್ಜ್ ಮಾಡುವ 2000 ಎಂಎಎಚ್ ನಿಕಲ್ ಮೆಟಲ್ ಹೈಡ್ರೈಡ್ ಜೋಡಿ 350 ದಾಟಿತು. ಈಗ ಎರಡು ಜೋಡಿ ಇಟ್ಟಿದ್ದೇನೆ.

ಕ್ಯಾಮೆರಾ ಮಕ್ಕಳ ಕೈಗೆ ಹೋಗಿ ಆರು ತಿಂಗಳಾಯಿತು. ನನ್ನ ಪರೀಕ್ಷೆಗೆ ಸಿಗದ ದೋಷವೊಂದನ್ನು ಅವರೇ ಹಿಡಿದರು. ದಸರಾ ರಜೆಗೆ ಸೆಲ್ ತೆಗೆದಿಟ್ಟಿದ್ದೆ. ಮತ್ತೆ ಹಾಕಿದಾಗ ಒಳಗಿನ ಗಡಿಯಾರ ಮೊದಲಿಗೆ ಮರಳಿತ್ತು, ಕೆರೆಯ ಹಕ್ಕಿಗಳ ಚಿತ್ರಕ್ಕೆಲ್ಲ ಹತ್ತು ವರ್ಷ ಹಿಂದಿನ ಜನವರಿ 1 ಬಿದ್ದಿತ್ತು. ಯಾವ ಹಕ್ಕಿ ಯಾವ ದಿನ ಬಂತೆಂಬುದೇ ಮುಖ್ಯವಾದ ದಾಖಲೆಯಲ್ಲಿ ಇದು ಸಣ್ಣ ತಪ್ಪಲ್ಲ. ಸೆಲ್ ಹಾಕಿದಾಗಲೆಲ್ಲ ತಾರೀಖು ನೋಡುವ ಹೊಣೆಯನ್ನು ಈಗ ಅದನ್ನು ಮೊದಲು ಗಮನಿಸಿದ ಹುಡುಗಿಯೇ ಹೊತ್ತಿದ್ದಾಳೆ. ಮೊದಲ ಚಿತ್ರವಾಗಿ ಕಪ್ಪುಹಲಗೆಯ ಮೇಲೆ ಬರೆದ ಅಂದಿನ ದಿನಾಂಕವನ್ನು ತೆಗೆಯುತ್ತಾಳೆ.