ಪಾವಗಡದ ಬೋರ್ ನೀರಿಗೆ ಕರಟದ ಇದ್ದಿಲಿನ ಜೆಲ್: ನನ್ನ ಅನುಭವ

ಸವುಳು ನೀರನ್ನು ಬಿಸಿಲಲ್ಲಿ ಆವಿ ಮಾಡಿ ಸಿಹಿನೀರು ಹಿಡಿಯುವ ಗಾಜಿನ ಪೆಟ್ಟಿಗೆಗೆ ನಾನು ಬಿಸಿಲು ಹೀರುವ ಕಪ್ಪು ಜೆಲ್ ಹಾಕುತ್ತೇನೆ. ಪಾವಗಡದ ನೀರಲ್ಲಿ ಜೆಲ್ ವಾರವೂ ತಾಳಲ್ಲ ಅಂದವರೇ ಎಲ್ಲ. ಅವರ ಮಾತು ಬೇರೆ ಜೆಲ್‌ಗಳ ಮಟ್ಟಿಗೆ ಸರಿ. ಡಯಾಪರ್‌ನೊಳಗಿನ ಪುಡಿ ಗಡಸು ನೀರಿನ ಕ್ಯಾಲ್ಸಿಯಂ ತಾಗಿದರೆ ಮುದುಡುತ್ತದೆ. ಕಡಲಪಾಚಿಯಿಂದ ತೆಗೆಯುವ ಆಲ್ಜಿನೇಟ್ ಇದಕ್ಕೆ ತಿರುಗಾಮುರುಗಾ: ಸವುಳಿನ ಸೋಡಿಯಂ ಒಳನುಗ್ಗಿ ಕ್ಯಾಲ್ಸಿಯಂ ಹೊರತಳ್ಳಿ, ಊದಿಸಿ ಲೋಳೆ ಮಾಡುತ್ತದೆ. ಹೆಪ್ಪುಗಟ್ಟಿಸಿ ಕರಗಿಸಿ ಮಾಡಿದ ಪಿವಿಎ (ಪಾಲಿವಿನೈಲ್ ಆಲ್ಕೊಹಾಲ್, ನೀರಲ್ಲಿ ಕರಗುವ ಪಾಲಿಮರ್) ಜೆಲ್‌ಗೆ ಈ ಎರಡೂ ಕಾಟ ಇಲ್ಲ. ನನ್ನದು ಎರಡನೇ ಬೇಸಿಗೆ ದಾಟಿದೆ.

ಪಿವಿಎ ಕೊಳ್ಳುವಾಗ ಹೈಡ್ರಾಲಿಸಿಸ್ (ಅದರ ಅಸಿಟೇಟ್ ಭಾಗ ಎಷ್ಟು ಆಲ್ಕೊಹಾಲ್ ಆಗಿದೆ ಅನ್ನುವ ಲೆಕ್ಕ) 98–99 ಶೇಕಡಾ ಇರುವುದನ್ನೇ ಕೇಳಿ. 88ರದು ಸುಲಭವಾಗಿ ಕರಗುತ್ತದೆ, ಬಿಸಿಲಿಗೆ ಮತ್ತೆ ಗೋಂದಾಗುತ್ತದೆ. ಅದಕ್ಕೆ ಹಾಕಿದ ದುಡ್ಡು ದಂಡ. ಲೀಟರಿಗೆ 100 ಗ್ರಾಂ, ತಣ್ಣೀರಿಗೇ ಉದುರಿಸಿ, ಆಮೇಲೆ ನೀರಿನ ಪಾತ್ರೆಯೊಳಗಿಟ್ಟು 90–95 ಡಿಗ್ರಿಯಲ್ಲಿ ತಿಳಿಯಾಗುವವರೆಗೆ ಕಲಕಿ. ಬಿಸಿನೀರಿಗೆ ಸುರಿದರೆ ಗಂಟು ಬಿಡಿಸಲಾಗದು. ತಿಪಟೂರು ಕಡೆಯ ಕರಟದ ಇದ್ದಿಲನ್ನು ಪುಡಿಮಾಡಿ, ಬಟ್ಟೆಯಲ್ಲಿ ಜರಡಿ ಹಿಡಿದು, ಬೂದಿ ಹೋಗುವಂತೆ ತೊಳೆದು, ಲೀಟರಿಗೆ 10 ಗ್ರಾಂನಷ್ಟು ಬೆರೆಸಿ. ದ್ರಾವಣ ಆರಿ ಮಂದವಾಗಿರಬೇಕು, ಇಲ್ಲದಿದ್ದರೆ ಪುಡಿ ತಳ ಸೇರುತ್ತದೆ. ಇದ್ದಿಲನ್ನು ಮೊದಲು ಯಾವುದರಲ್ಲಿ ನೆನೆಸುತ್ತೇನೆ ಅನ್ನುವುದು ನನ್ನಲ್ಲೇ ಇರಲಿ.

ತಟ್ಟೆಯಲ್ಲಿ 8–10 ಮಿಮೀ ದಪ್ಪ ಹೊಯ್ದು, ರಾತ್ರಿ ಮೈನಸ್ 18ರ ಫ್ರೀಜರ್, ಹಗಲು ನಿಧಾನವಾಗಿ ಕರಗಿಸುವುದು, ಮೂರು ಸುತ್ತು. ನಡುವೆ ಕರೆಂಟ್ ಹೋದರೆ ಆ ಸುತ್ತು ಲೆಕ್ಕಕ್ಕಿಲ್ಲ. ಆಮೇಲೆ ನೀರು ಬದಲಿಸುತ್ತ ನೆನೆಹಾಕಿ, ಕಪ್ಪು ಬಿಡುವುದು ನಿಲ್ಲಬೇಕು.

2018ರಲ್ಲಿ ಟೆಕ್ಸಾಸ್‌ನ ವಿಜ್ಞಾನಿ ಗುಯಿಹುವಾ ಯು ಅವರ ತಂಡ ಪಿವಿಎ ಜೊತೆ ಬಿಸಿಲು ಹೀರುವ ಕಪ್ಪು ಪಾಲಿಮರ್ ಪಾಲಿಪಿರೋಲ್ ಸೇರಿಸಿ ಚದರ ಮೀಟರಿಗೆ ಗಂಟೆಗೆ 3.2 ಕೆಜಿ ಆವಿ ತೋರಿಸಿತ್ತು. ಅದು ಆವಿಯ ಲೆಕ್ಕ, ಕೊಡಕ್ಕೆ ಬೀಳುವ ನೀರಿನ ಲೆಕ್ಕವಲ್ಲ. ಪೆಟ್ಟಿಗೆಯಲ್ಲಿ ಗಾಜು ಬಿಸಿಯಾದರೆ ಆವಿ ನೀರಾಗದೆ ಒಳಗೇ ಸುತ್ತುತ್ತದೆ. ಆವಿ ತಣಿಯಲೆಂದು ಹಿಂಬದಿ ನೆರಳಿಗೆ ತಗಡು ಹಾಕಿ ಒದ್ದೆ ಗೋಣಿತಾಟು ಹೊದಿಸಿಯೂ ನೋಡಿದೆ: ನೀರು ಸ್ವಲ್ಪ ಹೆಚ್ಚಿತು, ಗೋಣಿ ಕುಡಿದದ್ದು ಅದಕ್ಕಿಂತ ಹೆಚ್ಚು. ಬಿಟ್ಟೆ.

ಜೆಲ್ ಥರ್ಮಾಕೋಲ್ ಮೇಲೆ ತೇಲಬೇಕು, ಹತ್ತಿ ಬಟ್ಟೆಯ ಬತ್ತಿ ಕೆಳಗಿನ ನೀರಿಗೆ ಇಳಿದಿರಬೇಕು. 4 ಮಿಮೀ ಗಾಜು, ದಕ್ಷಿಣಕ್ಕೆ 25 ಡಿಗ್ರಿ ಇಳಿಜಾರು. ಕಡಿಮೆಯಾದರೆ ಹನಿ ಜಾರದೆ ವಾಪಸು ಬೀಳುತ್ತದೆ. ಸಂದು ಮುಚ್ಚುವ ಸಿಲಿಕೋನ್ ಅಂಟು ನ್ಯೂಟ್ರಲ್ ಬಗೆಯದಿರಲಿ, ಇನ್ನೊಂದು ಬಗೆಯದು ನೀರಿಗೆ ವಿನೆಗರ್ ವಾಸನೆ ಹತ್ತಿಸುತ್ತದೆ. ಬತ್ತಿ ಒಣಗಿದರೆ ಜೆಲ್ ಚಕ್ಕಳದಂತಾಗಿ ಸೀಳುತ್ತದೆ. ಮೇಲೆ ಬಿಳಿ ಉಪ್ಪು ಕಟ್ಟಿದರೆ ನಿಂಬೆರಸದ ನೀರಲ್ಲಿ ತೊಳೆಯಿರಿ. ಕುದಿಯುವ ನೀರು ಬೇಡ, 70 ಡಿಗ್ರಿ ದಾಟಿದರೆ ಜೆಲ್ ಸಡಿಲಾಗುತ್ತದೆ.

ಅರ್ಧ ಚದರ ಮೀಟರಿಗೆ ಖರ್ಚು ಮೂರೂವರೆ ಸಾವಿರದ ಆಸುಪಾಸು, ಬಹುಪಾಲು ಗಾಜು, ಪೆಟ್ಟಿಗೆಗೇ, ಜೆಲ್ ಮುನ್ನೂರರೊಳಗೆ. ಮಾರ್ಚಿನಲ್ಲಿ ದಿನಕ್ಕೆ ಎರಡು ಲೀಟರ್, ಬರಿ ಕಪ್ಪು ತೊಟ್ಟಿಯಲ್ಲಿ ಒಂದೂಕಾಲು. ಊರಿನ ಆರ್‌ಒ ಘಟಕದ ಅಗ್ಗದ ಕ್ಯಾನಿಗೆ ಇದು ಸಾಟಿಯಲ್ಲ. ಆದರೆ ಇದಕ್ಕೆ ಕರೆಂಟೂ ಬೇಡ, ಮೆಂಬ್ರೇನ್ ಬದಲಿಸುವ ಖರ್ಚೂ ಇಲ್ಲ.

ಬಂದ ನೀರಿನ ಟಿಡಿಎಸ್ (ಕರಗಿದ ಲವಣಗಳ ಒಟ್ಟು ಪ್ರಮಾಣ) ಲೀಟರಿಗೆ 20–30 ಮಿಗ್ರಾಂ ಇರುತ್ತದೆ. ನೂರು ದಾಟಿದರೆ ತೊಟ್ಟಿಯ ಸವುಳು ನೀರು ಸಿಹಿನೀರು ಹಿಡಿಯುವ ಕಾಲುವೆಗೆ ಸಿಡಿಯುತ್ತಿದೆ ಅಂತ ಅರ್ಥ. ಬೋರಿನಲ್ಲಿ ಫ್ಲೋರೈಡ್ ಲೀಟರಿಗೆ 2 ಮಿಗ್ರಾಂ ಇದ್ದರೆ ಆ ನೀರನ್ನು ಪೆಟ್ಟಿಗೆಯ ನೀರಿಗೆ ಸಮಪಾಲು ಬೆರೆಸಿ: 1 ಮಿಗ್ರಾಂಗೆ ಇಳಿಯುತ್ತದೆ, ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಮಿತಿಗೆ ಸರಿಹೋಗುತ್ತದೆ, ಎರಡು ಲೀಟರ್ ನಾಲ್ಕಾಗುತ್ತದೆ. ಬೆರೆಸುವ ಬೋರ್ ನೀರನ್ನು ಒಂದು ಕುದಿ ಕುದಿಸಿ ಇಳಿಸಿ. ಇಂಗಿಸಿದರೆ ಫ್ಲೋರೈಡ್ ಇನ್ನಷ್ಟು ಗಟ್ಟಿಯಾಗುತ್ತದೆ.