ನಕ್ಕದ್ದು ಯಾರನ್ನು ನೋಡಿ: ಒಂದು ಸಾಧಾರಣ ಹಾಸ್ಯಚಿತ್ರ ತಿದ್ದಿದ ಅನುಭವ

ಜೈಲಿನಿಂದ ಬಿಡುಗಡೆಯಾದವನೊಬ್ಬ ಮತ್ತೆ ಬದುಕು ಕಟ್ಟಿಕೊಳ್ಳುವ ಕಥೆಯನ್ನು ಕಲಬುರಗಿಯಲ್ಲಿ ನಾವು 40 ನಿಮಿಷದ ಹಾಸ್ಯಚಿತ್ರವಾಗಿ ಮಾಡಿದಾಗ ಅದು ಸಾಧಾರಣವಾಗಿಯೇ ಬಂತು. ಜನ ನಕ್ಕರು ನಿಜ, ಆದರೆ ಅವನನ್ನು ನೋಡಿ ನಕ್ಕರು. ಅದು ನನಗೆ ಬಹಳ ನೋವು ಕೊಟ್ಟಿತು.

ತಿದ್ದಲು ಕುಳಿತಾಗ ಮೊದಲು ಸಿಕ್ಕಿದ್ದು ಕಾನೂನಿನ ತಪ್ಪು. ಜೀವಾವಧಿ ಎಂದರೆ 14 ವರ್ಷ ಎಂಬ ಊರ ಮಾತನ್ನೇ ನಂಬಿ, ನಾಯಕ ಗೋಡೆಯ ಮೇಲೆ ಗೆರೆ ಎಳೆದು ದಿನ ಎಣಿಸುವ ದೃಶ್ಯ ಬರೆದಿದ್ದೆ. ಪರಿಚಯದ ವಕೀಲರು ತಿಳಿಸಿ ಹೇಳಿದರು: ಜೀವಾವಧಿ ಎಂದರೆ ಜೀವ ಇರುವವರೆಗೆ, ಕೊಲೆಯಂತಹ, ಮರಣದಂಡನೆಗೂ ಅವಕಾಶವಿರುವ ಅಪರಾಧಗಳಲ್ಲಿ 14 ವರ್ಷ ಒಳಗೆ ಕಳೆಯುವ ಮುನ್ನ ಸರ್ಕಾರ ಶಿಕ್ಷೆ ಕಡಿಮೆ ಮಾಡಿ ಬಿಡುವಂತಿಲ್ಲ ಎಂಬುದಷ್ಟೇ 1978ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಗೆ ಸೇರಿದ ನಿಯಮ. ಹಾಗಾದರೆ ಎಣಿಸಲು ಅವನಿಗೆ ಕೊನೆಯ ದಿನವೇ ಇಲ್ಲ. ಆ ದೃಶ್ಯ ತೆಗೆದುಹಾಕಿದೆ.

ಸನ್ನಡತೆಯ ಮೇಲೆ ಬಿಡುಗಡೆಯಾಗಿದ್ದ ಜೇವರ್ಗಿ ಕಡೆಯ ಹಿರಿಯರೊಬ್ಬರು ಎರಡು ದಿನ ತಾಲೀಮಿಗೆ ಬಂದಿದ್ದರು. ಸಂಜೆ ಐದೂವರೆಗೆ ಅವರು ಯಾರನ್ನೂ ಕೇಳದೆ ತಟ್ಟೆ ತೆಗೆದುಕೊಂಡು ನೆಲದ ಮೇಲೆ ಕುಳಿತರು. ಬ್ಯಾರಕ್ಕಿಗೆ ಬೀಗ ಬೀಳುವ ಮುಂಚೆಯೇ ಅಲ್ಲಿ ರಾತ್ರಿಯೂಟ ಮುಗಿದಿರುತ್ತದೆ. ಹೊಟ್ಟೆ ಇನ್ನೂ ಆ ಗಂಟೆಯನ್ನೇ ಪಾಲಿಸುತ್ತಿತ್ತು. ಚಿತ್ರದಲ್ಲಿ ಇದನ್ನು ತಾಯಿ ನೋಡುತ್ತಾಳೆ, ಏನೂ ಅನ್ನುವುದಿಲ್ಲ, ಮರುದಿನದಿಂದ ನಾಲ್ಕಕ್ಕೇ ರೊಟ್ಟಿ ಬಡಿಯಲು ಕೂಡುತ್ತಾಳೆ. ಇಡೀ ಚಿತ್ರದಲ್ಲಿ ನನಗೆ ಪೂರ್ತಿ ಒಪ್ಪಿಗೆಯಾದ ದೃಶ್ಯ ಇದೊಂದೇ.

ನಾಯಕ 2009ರಲ್ಲಿ ಒಳಹೋಗಿ 2024ರಲ್ಲಿ ಹೊರಬರುತ್ತಾನೆ. ಅಷ್ಟರಲ್ಲಿ ಗುಲ್ಬರ್ಗಾ ಎಂಬ ಫಲಕ ಕಲಬುರಗಿಯಾಗಿದೆ (2014), ತಾಯಿ ಜೋಳದ ಕಣಜದಲ್ಲಿ ಬಚ್ಚಿಟ್ಟ ಸಾವಿರದ ನೋಟು 2016ರಲ್ಲೇ ಸತ್ತಿದೆ. ಇವನ್ನೆಲ್ಲ ಒಂದರ ಮೇಲೊಂದು ಪೇರಿಸಿದ್ದರಿಂದ ಅವನು ಪೆದ್ದನಂತೆ ಕಾಣುತ್ತಿದ್ದ. ಬಸ್ಸಿನ ಪ್ರಸಂಗವೊಂದನ್ನು ಉಳಿಸಿ ಮಿಕ್ಕಿದ್ದನ್ನು ಕೈಬಿಟ್ಟೆ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆ ಅವನಿಗೆ ಗೊತ್ತಿಲ್ಲ. ಎರಡು ಟಿಕೆಟ್ಟಿನ ಹಣ ಚಾಚುತ್ತಾನೆ. ಮೊದಲು ಕ್ಯಾಮೆರಾ ಅವನ ಪೆಚ್ಚು ಮುಖದ ಮೇಲೆ ನಿಲ್ಲುತ್ತಿತ್ತು. ಮರುಚಿತ್ರೀಕರಣದಲ್ಲಿ ಅದನ್ನು ತಾಯಿಯ ಕೈಗೆ ತಿರುಗಿಸಿದೆವು: ಸೆರಗಿನ ಗಂಟು ಬಿಚ್ಚಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಆಧಾರ್ ಕಾರ್ಡನ್ನು ಕಂಡಕ್ಟರನಿಗೆ ತೋರಿಸಿ, “ನಂದು ಫ್ರೀ ಅದ, ಇವಂದು ನಾ ಕೊಡ್ತೀನಿ” ಅನ್ನುತ್ತಾಳೆ. ಈಗ ಜನ ನಗುವುದು ಆಕೆಯ ಗತ್ತಿಗೆ.

ದ್ವಿತೀಯಾರ್ಧ ಇನ್ನೂ ಸಾಧಾರಣವೇ. ಕೆಲಸ ಕೇಳಿ ಹೋದವನನ್ನು ಐದು ಅಂಗಡಿಯವರು ಬೈದು ಅಟ್ಟುವ ದೃಶ್ಯವನ್ನು ಕೂಗಾಟದಲ್ಲಿಯೇ ಮುಗಿಸಿದ್ದೆ. ತಿದ್ದಿದ ಪ್ರತಿ ನೋಡಿದ ಆ ಹಿರಿಯರು ಅಲ್ಲಿ ತಲೆಯಲ್ಲಾಡಿಸಿದರು: “ಅಂಗಡಿಯಾಂವ ಹಂಗ ಒದರಲ್ಲರೀ. ‘ನಾಳಿ ಬಾ’ ಅಂತಾನ. ದಿನಾ ‘ನಾಳಿ ಬಾ’ ಅಂತಾನ.” ಆ ದೃಶ್ಯವನ್ನು ಒಂದೇ ಅಂಗಡಿ, ಐದು ಮುಂಜಾನೆ ಎಂದು ಬದಲಿಸಿ ಬರೆದಿದ್ದೇನೆ, ಚಿತ್ರೀಕರಣ ಬಾಕಿಯಿದೆ.